ನರೆಗೂದಲ ದಿಂಬು

“ಆ ದಿಂಬಿಗೆ ಮಾತ್ರ ಸೂಜಿ ಚುಚ್ಚಬೇಡ ತಮ್ಮಾ,” ಎಂದಳು ಕಾಜ ಹೊಲಿಯುವ ಅಕ್ಕ. ಹೊಸ ದರ್ಜಿ ನಕ್ಕು, ಬೇಕೆಂದೇ ಅವಳ ಕಣ್ಣೆದುರಿಗೇ ಚುಚ್ಚಿದ.

ಸೂಜಿ ಸಿಕ್ಕಿಸಿಡುವ, ಅಂಗೈಯಗಲದ ಆ ಕಪ್ಪು ದಿಂಬು ಹಳೆಯ ದರ್ಜಿಯದು. ಅವನು ಇದೇ ಅಕ್ಕನ ಒಡಹುಟ್ಟಿದವನು. ಅವನು ಸತ್ತ ಮೇಲೆ ಅಂಗಡಿ ಹೊಸಬನ ಕೈಗೆ ಬಂದಿತ್ತು. ಕೂದಲು ತುಂಬಿದ ದಿಂಬಿನಲ್ಲಿ ಸೂಜಿಗೆ ತುಕ್ಕು ಹಿಡಿಯುವುದಿಲ್ಲವಲ್ಲ, ಆ ಪುಣ್ಯಾತ್ಮ ಒಂದು ಜಗಳದಲ್ಲಿ ಹೆಂಡತಿಯ ನರೆತ ಜಡೆಯನ್ನೇ ಕತ್ತರಿಸಿ ಅದರೊಳಗೆ ತುರುಕಿದ, ಅವಳನ್ನು ಹೊರಗೆ ದಬ್ಬಿದ. ಈ ದಿಂಬಿಗೆ ಚುಚ್ಚಿದ ಸೂಜಿ ಯಾರ ಮೈಗೆ ತಾಕುತ್ತದೋ ಅವರ ಮೈಯಲ್ಲಿ ನನ್ನ ಕೂದಲು ಮೊಳೆಯಲಿ ಎಂದು ಅವಳು ಹೊಸ್ತಿಲಿಗೆ ಮಣ್ಣು ತೂರಿ ಹೋದಳಂತೆ. ಹಳಬನ ಬೆನ್ನಲ್ಲಿ ಕುರು ಎದ್ದಿತು. ನೋವು ತಡೆಯಲಾರದೆ ಅದೇ ದಿಂಬಿನ ಸೂಜಿಯಿಂದ ಒಡೆದುಕೊಂಡ. ನಂಜು ರಕ್ತಕ್ಕೇರಿ ಪ್ರಾಣ ಹೋಯಿತು.

ಹೊಸಬನಿಗೆ ಇದೆಲ್ಲ ಅಡಗೂಲಜ್ಜಿಯ ಕತೆ. ಆದರೆ ಕೆಲಸದ ನಡುವೆ ಆ ದಿಂಬಿನ ಸೂಜಿ ಹಿಡಿದ ಕೈಯಲ್ಲೇ ಕತ್ತು ತುರಿಸಿಕೊಂಡಿದ್ದ. ಕೆಲವೇ ದಿನಗಳಲ್ಲಿ ಅಲ್ಲಿ, ಕಾಲರ್ ಉಜ್ಜುವ ಜಾಗದಲ್ಲಿ, ಕೆಂಪನೆಯ ಗಂಟೊಂದು ಎದ್ದಿತು.

ಮಾಟವೂ ಇಲ್ಲ ಮಣ್ಣಂಗಟ್ಟಿಯೂ ಇಲ್ಲ, ಕೂದಲ ಬುಡಕ್ಕೆ ಹೊಕ್ಕ ಸೋಂಕು ಎಂದರು ಡಾಕ್ಟರಮ್ಮ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ಆಗಾಗ ಶಾಖ ಕೊಡಬೇಕು, ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಬೇಕು, ಅವನ ಟವೆಲ್ಲನ್ನು ಮನೆಯವರು ಯಾರೂ ಬಳಸಬಾರದು, ಜ್ವರ ಬಂದರೆ ತಡಮಾಡದೆ ಬರಬೇಕು. ಕೊನೆಗೆ ಕನ್ನಡಕದ ಮೇಲಿಂದ ನೋಡಿ, “ಹಿಂಡಬೇಡಿ, ಚುಚ್ಚಬೇಡಿ. ಕೀವು ತೆಗೆಯೋದಿದ್ರೆ ನಾನೇ ತೆಗೀತೀನಿ,” ಎಂದರು.

ಶಾಖ ಕೊಟ್ಟ. ಗಂಟು ನಿಂಬೆಹಣ್ಣಿನಷ್ಟಾಯಿತು. ಅಂಗಡಿಯಲ್ಲಿ ಹಳಸಿದ ತಲೆಎಣ್ಣೆಯ ವಾಸನೆ ತುಂಬಿಕೊಂಡಿತು. ಕಿಟಕಿ ತೆರೆದರೂ ಹೋಗಲಿಲ್ಲ. ಮೆಷಿನ್ ನಿಲ್ಲಿಸಿದರೆ ಯಾರೋ ಜಡೆ ಬಾಚುವ ಸದ್ದು. ಅವನಿಗೆ ಈಗ ನಿಜಕ್ಕೂ ಹೆದರಿಕೆಯಾಗುತ್ತಿತ್ತು, ಹೇಳಿಕೊಳ್ಳಲು ಮಾತ್ರ ನಾಚಿಕೆ.

ಒಂದು ಸಂಜೆ ಕರೆಂಟು ಹೋಯಿತು. ಅಕ್ಕ ಮೇಣದಬತ್ತಿ ತರಲು ಹೋದಳು. ಕತ್ತಲು. ಎಣ್ಣೆಯ ವಾಸನೆ. ಕತ್ತು ಧಗಧಗ ಉರಿಯಿತು. ಕೈ ತಾನಾಗಿಯೇ ದಿಂಬಿನತ್ತ ಹೋಯಿತು. ಬೇಡ ಅನ್ನಿಸಿತು. ಚುಚ್ಚಿದ. ಬಿಸಿ ಕೀವು ಬೆನ್ನಿಗಿಳಿಯಿತು. ಹಿಂದೆಯೇ ಒಂದು ಕೂದಲೆಳೆ. ಹಿಡಿದ. ಎಳೆದ. ಬಂತು. ಮುಗಿಯಲೇ ಇಲ್ಲ. ಅತ್ತ ಕಡೆಯಿಂದ ಯಾರೋ ಎಳೆದರು.

ಪ್ರಜ್ಞೆ ತಪ್ಪಿ ಬೀಳುವ ಮೊದಲು ಅವನು ಸೂಜಿಯನ್ನು ಅಂಗಿಯ ಎದೆಗೆ ಸಿಕ್ಕಿಸಿಕೊಂಡಿದ್ದ. ದರ್ಜಿಯ ಕೈಗೆ ಅಂಟಿದ ಅಭ್ಯಾಸ ಅದು.

ಆಸ್ಪತ್ರೆಯಲ್ಲಿ ಮಾಂಸ ಕೊರೆದು ನಂಜು ತೆಗೆದರು. ಪ್ರಾಣ ಉಳಿಯಿತು, ಕತ್ತು ಮಾತ್ರ ತಿರುಗದಾಯಿತು. ಯಾರ ಆಸರೆಯೂ ಇಲ್ಲದೆ ನಡೆಯುವಂತಾದ ದಿನವೇ ಅಕ್ಕನ ಜೊತೆ ಸೇರಿ ದಿಂಬನ್ನು ಸುಟ್ಟ. ಎಷ್ಟೋ ದಿನಗಳ ಮೇಲೆ ಹಗುರಾದ ಮನಸ್ಸಿನಿಂದ ಮನೆಗೆ ಬಂದು ಊಟಕ್ಕೆ ಕೂತ.

ಹಿಂದೆ ಪುಟ್ಟ ಮಗಳು ಹೊಸ ಫ್ರಾಕು ತೊಟ್ಟು ಕುಣಿಯುತ್ತಿದ್ದಳು. ಕತ್ತಿನ ಕೊಕ್ಕೆ ಕಿತ್ತುಬಂದಿತ್ತು ಎಂದಳು ಹೆಂಡತಿ, ಬಡಿಸುತ್ತ. “ಮೊನ್ನೆ ಮೈಮೇಲೆ ಇದ್ದಂಗೇ ಹೊಲಿದ್ಬಿಟ್ಟೆ. ಪಾಪ, ಒಂಚೂರು ಚುಚ್ತು. ಸೂಜಿ ನೀವು ಬಿದ್ದ ದಿನದ ಅಂಗೀಲೇ ಇತ್ತು ನೋಡಿ.”

ಅವನ ಕೈಯ ತುತ್ತು ತಟ್ಟೆಗೆ ಬಿತ್ತು.

“ಅಪ್ಪಾ, ಇಲ್ಲಿ ಗುಳ್ಳೆಯಾಗಿದೆ. ಕೂದಲು ಸಿಕ್ಕಿದೆ, ಎಳೀಲಾ?”

“ಬೇಡ!” ಎಂದು ಕೂಗುತ್ತ ಅವನು ತಿರುಗಲು ಹೋದ. ಕತ್ತು ತಿರುಗಲಿಲ್ಲ. ನೆಲಕ್ಕೆ ಕೈಯೂರಿ, ಮೈಯನ್ನೇ ಹೊರಳಿಸಿಕೊಂಡು ಅವನು ಅತ್ತ ಮುಖ ಮಾಡುವಷ್ಟರಲ್ಲಿ ಮಗುವಿನ ಮುಷ್ಟಿಯಿಂದ ನೆಲದವರೆಗೆ ನರೆಗೂದಲು ಇಳಿಬಿದ್ದಿತ್ತು.

“ಇನ್ನೂ ಬರ್ತಾನೇ ಇದೆ ಅಪ್ಪಾ,” ಎಂದಳು ಅವಳು.