ಬಾಗಿಲಲ್ಲಿಟ್ಟ ಗಂಡಸಿನ ಶೂ

ಮೂರನೇ ಮಹಡಿಯ ಕೊನೆಯ ಮೆಟ್ಟಿಲು ಹತ್ತುತ್ತಲೇ ಓರ್ಲಾ ಗಕ್ಕನೆ ನಿಂತಳು.

ಅವಳ ಬಾಗಿಲ ಮುಂದೆ ಯಾರೋ ಗಂಡಸು ಮಂಡಿಯೂರಿ ಕೂತಿದ್ದ!

ಕೈಯಲ್ಲಿ ಶೂ. ಅವಳೇ ಬಾಗಿಲ ಹೊರಗಿಟ್ಟಿದ್ದ, ಕಬ್ಬಿಣದ ಮೂತಿಯ, ಗಂಡಸರ ಕೆಲಸದ ಶೂ. ಅದನ್ನು ಎದೆಗವಚಿಕೊಂಡು ಕೂತಿದ್ದ.

"ಯಾರು ನೀವು? ಏನ್ ಮಾಡ್ತಿದೀರಿ ಇಲ್ಲಿ?"

ಅವನು ತಲೆಯೆತ್ತಿದ. ಮೂವತ್ತರ ಆಸುಪಾಸು. ಕಣ್ಣುಗಳು ಅತ್ತು ಕೆಂಪಾಗಿದ್ದವು.

"ಈ ಶೂ... ಯಾರದು?"

ಈ ಪ್ರಶ್ನೆಗೆ ಉತ್ತರವನ್ನು ಅವಳು ಬಾಯಿಪಾಠ ಮಾಡಿಟ್ಟುಕೊಂಡು ನಾಲ್ಕು ತಿಂಗಳಾಗಿತ್ತು. "ನನ್ನ ಗಂಡನದು. ಒಳಗೆ ಮಲಗಿದ್ದಾರೆ. ಎಬ್ಬಿಸ್ಲಾ?"

ಅವನ ಮುಖ ಬಿಳಿಚಿಕೊಂಡಿತು. ಮುಚ್ಚಿದ ಬಾಗಿಲನ್ನೇ ದಿಟ್ಟಿಸಿದ, ನಿಜಕ್ಕೂ ಒಳಗಿನಿಂದ ಯಾರಾದರೂ ಬಂದಾರೇನೋ ಎಂಬ ಹಾಗೆ. ಆಮೇಲೆ ಎದ್ದು ಅವಳತ್ತ ಒಂದು ಹೆಜ್ಜೆ ಇಟ್ಟ.

ಓರ್ಲಾ ಚೀಲಕ್ಕೆ ತೂಗುಹಾಕಿಕೊಂಡಿದ್ದ ಪುಟ್ಟ ಸೈರನ್ನಿನ ಪಿನ್ನು ಎಳೆದೇಬಿಟ್ಟಳು!

ಇಡೀ ಕಟ್ಟಡ ಕಿರುಚಿಕೊಂಡಿತು. ಪಕ್ಕದ ಮನೆಯ ಅಜ್ಜಿ ಚಪ್ಪಲಿ ಎತ್ತಿಕೊಂಡೇ ಹೊರಗೆ ಬಂದಳು. "ಯಾವನೋ ಅವನು, ಹಗಲು ಹೊತ್ತಲ್ಲೇ...! ಅಯ್ಯೋ, ಇಂಜೆ! ನೀನೇನೋ? ಟೀಚರಮ್ಮಾ, ಅದನ್ನ ಮೊದ್ಲು ನಿಲ್ಸಮ್ಮಾ, ಕಿವಿ ಹೋಯ್ತು ನಂದು! ಇವನು ಕೆಳಗಿನ ಮನೆ ಒಕ್ಸುನ್ ಮಗ ಕಣೇ. ನಿನ್ನ ಮನೆ ಓನರಮ್ಮನ ಮಗ!"

ಅವನು ಸೊಂಟ ಬಗ್ಗಿಸಿ ತಲೆತಗ್ಗಿಸಿದ. "ತಪ್ಪಾಯ್ತು. ಹೆದರಿಸಿಬಿಟ್ಟೆ." ಶೂಗಳನ್ನು ಇದ್ದ ಜಾಗದಲ್ಲೇ ಇಟ್ಟು, ಅವಳ ಮುಖ ನೋಡದೆ ಹೇಳಿದ, "ಒಂದೇ ಒಂದು ಮಾತು. ದಯವಿಟ್ಟು ಇದನ್ನ ಹೊರಗಿಡ್ಬೇಡಿ. ಒಳಗಿಟ್ಕೊಳ್ಳಿ."

ಓರ್ಲಾ ಒಳಗೆ ಬಂದು ಎರಡೂ ಚಿಲಕ ಹಾಕಿಕೊಂಡಳು. *ಹೊರಗಿಡ್ಬೇಡಿ ಅಂದ್ರೇನು? ಒಬ್ಬಳೇ ಇದ್ದೀನಿ ಅಂತ ಊರಿಗೆಲ್ಲ ಸಾರಬೇಕಾ?*

ಓರ್ಲಾ ಐರ್ಲೆಂಡಿನವಳು. ಕಡಲ ದಡದ ಊರಾದ ಮೊಕ್ಪೊದ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬಂದು ಎರಡು ವರ್ಷ. ಇಲ್ಲಿನ ಮಾತು ಕಲಿತಿದ್ದಳು, ಇಲ್ಲಿನ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಹುಳಿ ಬಂದರೇ ರುಚಿ ಎನ್ನುವಷ್ಟು ಪಳಗಿದ್ದಳು. ನಾಲ್ಕು ತಿಂಗಳ ಹಿಂದೆ ಗುಡ್ಡದ ಮೇಲಿನ ಈ ಒಂಟಿ ಕೋಣೆಗೆ ಬಂದ ದಿನ ಜೊತೆಯ ಟೀಚರ್ ಬೊರಾಮ್ ಸೊಂಟದ ಮೇಲೆ ಕೈಯಿಟ್ಟು ಪಾಠ ಹೇಳಿದ್ದಳು.

"ಲೇ, ಕೇಳಿಲ್ಲಿ. ಪಾರ್ಸೆಲ್ಲಿಗೆ ನಿನ್ನ ಹೆಸರು ಕೊಡ್ಬೇಡ, ಯಾವ್ದಾದ್ರೂ ಗಂಡು ಹೆಸರು ಕೊಡು. ಬಾಗಿಲಲ್ಲಿ ಒಂದು ಜೊತೆ ಗಂಡಸಿನ ಶೂ ಇಡು. ಹೊಸದಲ್ಲ ಮತ್ತೆ! ಸವೆದಿರ್ಬೇಕು, ನೋಡಿದೋರಿಗೆ ಒಳಗೊಬ್ಬ ದಾಂಡಿಗ ಇದ್ದಾನೆ ಅನ್ನಿಸ್ಬೇಕು. ಇಲ್ಲಿ ಒಂಟಿ ಹೆಣ್ಮಕ್ಕಳು ಎಲ್ರೂ ಮಾಡ್ತೀವಿ."

"ನಿನ್ನ ಬಾಗಿಲಲ್ಲೂ ಇದೆಯಾ ಅಕ್ಕಾ?"

"ಹನ್ನೊಂದೂವರೆ ನಂಬರಿನ ಬೂಟು! ನನ್ನ ಗಂಡ ಭೀಮ ಕಣೇ, ಹುಟ್ಟಿಲ್ಲ ಅಷ್ಟೇ."

ಅದೇ ವಾರ ಬೀದಿಯ ಮೂಲೆಯಲ್ಲಿ, ಹಳೇ ಬಟ್ಟೆ ಹಾಕುವ ಹಸಿರು ಡಬ್ಬದ ಪಕ್ಕ ಈ ಶೂ ಸಿಕ್ಕಿತ್ತು. ಹಿಮ್ಮಡಿ ಸವೆದಿತ್ತು, ಎಡಗಾಲಿನದರ ಮೇಲೆ ಬೆಸುಗೆಯ ಕಿಡಿ ಬಿದ್ದು ಸುಟ್ಟ ಕಲೆ. ಹೇಳಿ ಮಾಡಿಸಿದ ಹಾಗಿತ್ತು! ತಂದು ಇಟ್ಟಳು.

ಆದರೆ ಆಮೇಲೆ ಶುರುವಾಯಿತು.

ಬೆಳಿಗ್ಗೆ ಹೋಗುವಾಗ ಮೂತಿ ಬಾಗಿಲ ಕಡೆಗಿರುತ್ತಿದ್ದ ಶೂ, ಸಂಜೆ ಬರುವಷ್ಟರಲ್ಲಿ ಮೆಟ್ಟಿಲ ಕಡೆಗೆ ತಿರುಗಿರುತ್ತಿತ್ತು. ಯಾರೋ ಒಳಗಿನಿಂದ ಬಂದು ಕಾಲು ತೂರಿಸಿ ಹೊರಡಲಿ ಎಂದು ಇಟ್ಟ ಹಾಗೆ... ಮೊದಲು ತನ್ನದೇ ಮರೆವು ಎಂದುಕೊಂಡಳು. ಒಂದು ದಿನ ಯಾರೋ ಧೂಳು ಒರೆಸಿದ್ದರು. ಇನ್ನೊಂದು ದಿನ ಲೇಸು ಸಡಿಲಿಸಿ ನೀಟಾಗಿ ಬಿಚ್ಚಿಟ್ಟಿತ್ತು.

ಒಳಗೆ ಯಾರಿದ್ದಾರೆ? ಯಾರು ಹೊರಡುತ್ತಿದ್ದಾರೆ ಈ ಮನೆಯಿಂದ, ದಿನಾ?

ಬಚ್ಚಲ ಬಾಗಿಲ ಹಿಂದೆ ನೋಡದೆ ಮಲಗುವುದನ್ನೇ ಬಿಟ್ಟಳು. ಊರಿನಿಂದ ಅಮ್ಮ ಫೋನು ಮಾಡಿದರೆ ಮಾತ್ರ, "ಎಲ್ಲಾ ಚೆನ್ನಾಗಿದೆ ಅಮ್ಮಾ," ಎಂದು ನಗುತ್ತಿದ್ದಳು. ಮೇಜಿನ ಮೇಲೆ ಶಾಲೆ ಕೊಟ್ಟ ಕಾಗದವಿತ್ತು. ಇನ್ನೊಂದು ವರ್ಷ ಇರುತ್ತೀಯೋ, ಹೋಗುತ್ತೀಯೋ? ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಮಕ್ಕಳನ್ನು ನೆನೆದರೆ ಇರಬೇಕೆನಿಸುತ್ತಿತ್ತು. ಆ ಶೂ ನೆನೆದರೆ, ಇವತ್ತೇ ಓಡಿಹೋಗಬೇಕೆನಿಸುತ್ತಿತ್ತು.

ಮರುದಿನ ಸಂಜೆ ಮೆಟ್ಟಿಲಿನಲ್ಲಿ ಮತ್ತೆ ಅವನೇ ಎದುರಾದ! ಏಣಿ ಹತ್ತಿ, ತಿಂಗಳುಗಟ್ಟಲೆ ಕೆಟ್ಟಿದ್ದ ದೀಪ ಬಿಚ್ಚುತ್ತಿದ್ದ.

"ಸೈರನ್ ಎಳೀಬೇಡಿ," ಮೇಲಿಂದಲೇ ಅಂದ. "ಹಡಗಿನ ವೈರಿಂಗ್ ಮಾಡೋನು ನಾನು. ಬಿದ್ರೆ ನೇರ ನಿಮ್ಮ ಮೇಲೇ ಬೀಳ್ತೀನಿ."

ನಗಬಾರದೆಂದುಕೊಂಡರೂ ಓರ್ಲಾಗೆ ನಗು ಬಂದುಬಿಟ್ಟಿತು.

"ನಿಮ್ಮ ಯಜಮಾನ್ರು ಇನ್ನೂ ಮಲಗಿದ್ದಾರಾ?"

"ಅವ್ರಿಗೆ ನಿದ್ದೆ ಜಾಸ್ತಿ."

"ಅದೃಷ್ಟವಂತ," ಎಂದ ಇಂಜೆ. ಅವನ ನಗು ಕಣ್ಣಿನವರೆಗೆ ಬರಲಿಲ್ಲ.

ಗಜೆ ದ್ವೀಪದ ಹಡಗು ಕಟ್ಟುವ ಕಾರ್ಖಾನೆಯಿಂದ ಒಂದು ತಿಂಗಳ ರಜೆ ಹಾಕಿ ಅಮ್ಮನ ಬಳಿ ಬಂದಿದ್ದನಂತೆ. ದೀಪ ಹತ್ತಿತು. ಕಿಟಕಿಯ ಸರಳು ಬಿಗಿಯಾಯಿತು. ಬಸ್ಸಿಳಿದರೆ ಅಂಗಡಿಯ ಮುಂದೆ ಅವನು ನಿಂತಿರುತ್ತಿದ್ದ, ಹತ್ತು ಹೆಜ್ಜೆ ಹಿಂದೆಯೇ ನಡೆದು ಬರುತ್ತಿದ್ದ. ಹತ್ತು ಐದಾಯಿತು, ಐದು ಒಂದಾಯಿತು. ಬಿಸಿ ಬಿಸಿ ಮೀನಿನ ಸಾರು ಹಂಚಿಕೊಂಡ ಸಂಜೆ "ನೀವು" ಹೋಗಿ "ನೀನು" ಬಂತು. ಅತ್ತ ಶೂಗಳೂ ತಿರುಗುವುದನ್ನು ನಿಲ್ಲಿಸಿದ್ದವು! ಇಟ್ಟಂತೆಯೇ ಇರುತ್ತಿದ್ದವು.

*ಇವನು ಬಂದ ಮೇಲೆ ಕಾಟ ತಪ್ಪಿತು...* ಕನ್ನಡಿಯ ಮುಂದೆ ತಲೆ ಬಾಚುತ್ತಾ ಅಂದುಕೊಂಡವಳ ಕೆನ್ನೆ ಕೆಂಪಾಯಿತು.

ಆದರೂ ಒಂದು ಅಳುಕು. ಒಂದು ದಿನ ಹಳೇ ಫೋನನ್ನು ಬಾಗಿಲ ಪಕ್ಕದ ಕಿಟಕಿಯ ಸಂದಿಯಲ್ಲಿ, ಶೂ ಕಾಣುವ ಹಾಗಿಟ್ಟು, ವಿಡಿಯೋ ಹಚ್ಚಿ ಶಾಲೆಗೆ ಹೋದಳು. ಅದರಲ್ಲಿ ಜಾಗ ಕಡಿಮೆ, ತುಂಬಿದಂತೆಲ್ಲ ಹಳೆಯದನ್ನು ಅಳಿಸುತ್ತಿತ್ತು. ಸಂಜೆ ನೋಡಿದರೆ ಕೊನೆಯ ಒಂದು ಗಂಟೆಯದಷ್ಟೇ ಉಳಿದಿತ್ತು.

ಅದೇ ಸಾಕಾಯಿತು.

ಸಂಜೆ ನಾಲ್ಕೂಕಾಲು ಗಂಟೆಗೆ ಇಂಜೆ ಬಂದ. ಅತ್ತಿತ್ತ ನೋಡಿದ. ಕಳ್ಳನಂತೆ ಕೂತು ಶೂಗಳನ್ನು ಎತ್ತಿ ತಿರುಗಿಸಿಟ್ಟ. ಹೋದ.

ಓರ್ಲಾ ಅದನ್ನೇ ಮತ್ತೊಮ್ಮೆ ಹಾಕಿ ನೋಡಿದಳು. ಇವನೇನಾ? ಹೆದರಿಸಿದವನೂ ಇವನೇ, ಕಾವಲು ನಿಂತವನೂ ಇವನೇನಾ...?

ದಡದಡ ಇಳಿದು ಹೋಗಿ, ಅಂಗಳದಲ್ಲಿದ್ದವನ ಮುಖಕ್ಕೆ ಫೋನು ಹಿಡಿದಳು. "ಇದೇನು? ಹೇಳು!"

ಇಂಜೆ ನೋಡಿದ. ಅಮ್ಮನ ಅಡುಗೆಮನೆಯ ಕಿಟಕಿಯತ್ತ ಒಮ್ಮೆ ತಿರುಗಿದ.

"ನಾನು ಎಷ್ಟು ಹೆದರಿದ್ದೀನಿ ಗೊತ್ತಾ ನಿನಗೆ? ಮಲಗೋಕೆ ಹೆದರಿಕೆ, ಸ್ನಾನಕ್ಕೆ ಹೋಗೋಕೆ ಹೆದರಿಕೆ! ನೀನು ಒಳ್ಳೆಯವನು ಅಂತ ನಂಬಿದ್ನಲ್ಲಾ, ಬೆಪ್ಪುತಕ್ಕಡಿ ನಾನು!"

"ಓರ್ಲಾ... ನಾನು ಹೇಳೋ ಹಾಗಿಲ್ಲ. ನಂಬು."

"ಹೇಳೋ ಹಾಗಿಲ್ದೇ ಇರೋದನ್ನ ನಂಬೋಕೆ ನನಗೆ ಆಗಲ್ಲ!"

ಮೇಲೆ ಬಂದು ಕಾಗದದಲ್ಲಿ "ಹೋಗುತ್ತೇನೆ" ಎಂಬುದಕ್ಕೆ ಗುರುತು ಹಾಕಿದಳು. ಹಾಕಿ, ಅದರ ಮೇಲೆ ಅತ್ತಳು. ಅವನ ಮೇಲೆ ಸಿಟ್ಟಿತ್ತು ನಿಜ, ಸಿಟ್ಟಿಗಿಂತ ಹೆಚ್ಚಾಗಿ ಅವನು ಬೇಕಾಗಿದ್ದ. ಅದೇ ಅವಳಿಗೆ ತಡೆಯಲಾಗಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಪೆಟ್ಟಿಗೆ ಕಟ್ಟುತ್ತಿದ್ದಳು. ಬೆಳಿಗ್ಗೆ ಹತ್ತು ಗಂಟೆ. ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು... ನಿಧಾನ, ಎಳೆದೆಳೆದು ಹತ್ತುವ ಸದ್ದು. ಬಾಗಿಲ ಮುಂದೆ ನಿಂತಿತು.

ಓರ್ಲಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕಿವಿಗೊಟ್ಟಳು.

ಹೊರಗೆ ಶೂ ಎತ್ತಿ ಇಟ್ಟ ಶಬ್ದ. ಬಟ್ಟೆಯಿಂದ ಒರೆಸುವ ಸರಸರ. ಆಮೇಲೆ, ಬಾಗಿಲಿಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ, ಮೆಲ್ಲಗೆ ಒಂದು ಹೆಂಗಸಿನ ದನಿ.

"ಜುಹ್ವಾನಾ... ಊಟ ಆಯ್ತೇನೋ ಮಗಾ?"

ಮೈಯ ರೋಮವೆಲ್ಲ ನೆಟ್ಟಗಾಯಿತು! ಓಡಿಹೋಗಲು ಜಾಗವಿಲ್ಲ. ಕಣ್ಣುಮುಚ್ಚಿ ಧೈರ್ಯ ಒಗ್ಗೂಡಿಸಿ, ಬಾಗಿಲು ತೆರೆದೇಬಿಟ್ಟಳು.

ಓನರಮ್ಮ ಒಕ್ಸುನ್! ಕೈಯಲ್ಲಿ ಒದ್ದೆ ಬಟ್ಟೆ, ಮುಖದಲ್ಲಿ ಅಂಥ ಸಂತೋಷ. ಆಕೆಯ ಕಣ್ಣು ಓರ್ಲಾಳನ್ನು ದಾಟಿ ಕೋಣೆಯೊಳಗೆ ಹುಡುಕುತ್ತಿತ್ತು.

"ಮಲಗಿದ್ದಾನಾ? ಎಬ್ಬಿಸ್ಬೇಡ, ಎಬ್ಬಿಸ್ಬೇಡ. ಅವನ ಶೂ ನಾನೇ ತಿರುಗಿಸಿಡೋದು, ಚಿಕ್ಕಂದಿನಿಂದ್ಲೂ. ಇಲ್ದಿದ್ರೆ ಅವಸರಕ್ಕೆ ಮುಗ್ಗರಿಸ್ತಾನೆ. ಅಮ್ಮನ ಹತ್ರ ಬರೋಕೆ ನಾಚಿಕೆ ಅವನಿಗೆ, ಮದುವೆ ಆಗಿದ್ದು ಹೇಳ್ಲಿಲ್ಲ ನೋಡು. ನನಗೇನೂ ಬೇಜಾರಿಲ್ಲಮ್ಮಾ. ಬಂದ್ನಲ್ಲ, ಸಾಕು."

ಹಿಂದೆ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ಇಂಜೆ ಬಂದು ನಿಂತ. ಅವನ ಮುಖ ನೋಡಿದೊಡನೆ ಓರ್ಲಾಗೆ ಎಲ್ಲವೂ ಅರ್ಥವಾಯಿತು. ಶೂ ಯಾರದು, ಆ ಇನ್ನೊಬ್ಬ ಮಗ ಈಗ ಇಲ್ಲ ಎಂಬುದು, ಬೆಳಿಗ್ಗೆ ತಾಯಿ ತಿರುಗಿಸಿಟ್ಟದ್ದನ್ನು ಸಂಜೆ ತಾನು ಬರುವ ಮೊದಲು ಇವನೇಕೆ ಮತ್ತೆ ಮೊದಲಿನಂತೆ ಇಡುತ್ತಿದ್ದ, ಏಕೆ ಬಾಯಿಬಿಡಲಿಲ್ಲ... ಎಲ್ಲವೂ.

ಅವನು ತಲೆಯಾಡಿಸುತ್ತಿದ್ದ. *ಹೇಳಬೇಡ* ಎಂದು ಬೇಡುತ್ತಿದ್ದ.

ಹೇಳದೆ ಹೋಗಬಹುದಿತ್ತು. "ಮಲಗಿದ್ದಾರೆ ಚಿಕ್ಕಮ್ಮಾ" ಎಂದರೆ ಮುಗಿಯುತ್ತಿತ್ತು, ತಾನಂತೂ ಇನ್ನು ಇಲ್ಲಿರುವವಳಲ್ಲ. ಆದರೆ ಖಾಲಿ ಕೋಣೆಯನ್ನು ಹುಡುಕುತ್ತಿದ್ದ ಆ ಕಣ್ಣುಗಳ ಮುಂದೆ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

ಆಕೆಯ ಕೈ ಹಿಡಿದುಕೊಂಡಳು. ಯಾರ ಮುಂದೆಯೂ ಆಡಬಾರದೆಂದು ಬೊರಾಮ್ ಆಣೆ ಹಾಕಿಸಿದ್ದ ಮಾತನ್ನೇ ಆಡಿದಳು.

"ಚಿಕ್ಕಮ್ಮಾ... ಇಲ್ಲಿ ಯಾರೂ ಇಲ್ಲ. ನಾನೊಬ್ಬಳೇ ಇರೋದು. ಹೆದರಿಕೆಗೆ ಆ ಶೂ ಇಟ್ಟೆ. ಬೀದಿಯಲ್ಲಿ ಸಿಕ್ತು. ನಿಮ್ಮ ಮಗನದು ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು..."

ಒಕ್ಸುನ್ ಒಳಗೆ ಬಂದಳು. ಹಾಸಿಗೆ ನೋಡಿದಳು, ಒಂದೇ ತಲೆದಿಂಬು. ಒಂದೇ ಚಮಚ, ಒಂದೇ ಬಟ್ಟಲು.

"ಒಬ್ಬಳೇನಾ?" ಅಂದಳು ಕೊನೆಗೆ. "ನನ್ನ ಮಾಳಿಗೆ ಮೇಲೆ... ಇಷ್ಟು ದಿನ ಒಬ್ಬಳೇ ಹೆದರ್ಕೊಂಡು ಕೂತಿದ್ಯಾ? ಕೆಳಗೆ ಬಂದು ಒಂದು ಮಾತು ಹೇಳ್ಬಾರ್ದಾ, ಹುಚ್ಚು ಹುಡುಗೀ?"

ಒಕ್ಸುನ್ ಶೂಗಳತ್ತ ತಿರುಗಿ ಬಂದು ಹೊಸ್ತಿಲಲ್ಲೇ ಕುಸಿದು ಕೂತಳು. ಮೂರು ವರ್ಷದ ಹಿಂದೆ ದೊಡ್ಡ ಮಗ ಜುಹ್ವಾನ್ ಇದ್ದ ದೋಣಿ ಮುಳುಗಿದಾಗ ಆಕೆ ಅತ್ತಿರಲಿಲ್ಲವಂತೆ. ಹೆಣ ಸಿಗದ ಮಗನಿಗೆ ಅಳುವುದೆಂತು ಎಂದಿದ್ದಳಂತೆ. ಈಗ ಅತ್ತಳು. ಪಕ್ಕದ ಮನೆಯ ಅಜ್ಜಿ ಬಂದು ಬೆನ್ನು ಸವರುತ್ತಾ ಕೂತಳು.

"ಅಮ್ಮಾ, ಎಸೆದೋನು ನಾನು," ಇಂಜೆ ಅವಳ ಕಾಲ ಬಳಿ ಕೂತು ಬಿಕ್ಕಿದ. "ದಿನಾ ನೀನು ಆ ಶೂ ತಿರುಗಿಸೋದು ನೋಡಕ್ಕಾಗ್ದೆ, ಹೋದ ಸಲ ಬಂದಾಗ ಡಬ್ಬದ ಹತ್ರ ಇಟ್ಟುಬಂದೆ. ಈ ಸಲ ಬಂದ್ರೆ, ಅಣ್ಣ ಮೇಲಿದ್ದಾನೆ ಅಂತೀಯ, ಹಾಡು ಗುನುಗ್ತೀಯ... ಹೇಗೆ ಹೇಳ್ಲಿ ನಾನು?"

ಒಕ್ಸುನ್ ಅವನ ಬೆನ್ನಿಗೆ ದಬದಬ ಗುದ್ದಿದಳು. ಗುದ್ದಿ, ಅದೇ ಬೆನ್ನನ್ನು ತಬ್ಬಿಕೊಂಡಳು.

ಮೂರು ವರ್ಷದಿಂದ ಬೇಡವೆಂದಿದ್ದ ಶಾಸ್ತ್ರವನ್ನು ಆ ಭಾನುವಾರ ಒಕ್ಸುನ್ ತಾನೇ ಮಾಡಿಸಿದಳು. ಅನ್ನ ತುಂಬಿದ ಬಟ್ಟಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಉದ್ದದ ಬಟ್ಟೆಗೆ ಗಂಟು ಹಾಕಿ, ಕಡಲಿಗೆ ಇಳಿಬಿಟ್ಟು, ಮುಳುಗಿದವನ ಜೀವವನ್ನು ಮೇಲಕ್ಕೆ ಕರೆಯುವ ಶಾಸ್ತ್ರ. ಪೂಜಾರಿಣಿ ಹಾಡುತ್ತಿದ್ದಂತೆ ಒಕ್ಸುನ್, "ಬಾ ಜುಹ್ವಾನಾ, ಬಂದು ಹೋಗು," ಎಂದು ಕೂಗಿದಳು. ಬಟ್ಟೆಯ ಒಂದು ತುದಿ ಇಂಜೆಯ ಕೈಯಲ್ಲಿ. ಅವನ ಕೈ ಸೋತಾಗ ಓರ್ಲಾ ಹಿಂದಿನಿಂದ ಹಿಡಿದುಕೊಂಡಳು. ಅಷ್ಟು ಹಗುರದ ಬಟ್ಟಲು, ಎಳೆಯುವಾಗ ಯಾಕಷ್ಟು ಭಾರವಿತ್ತೋ!

ಮಧ್ಯಾಹ್ನ ಮೆಟ್ಟಿಲು ಹತ್ತಿ ಅವಳನ್ನು ಬಿಡಲು ಬಂದ ಇಂಜೆ, ಬಾಗಿಲಿಂದ ದೂರವೇ ನಿಂತ. ಒಳಗೆ ಕಟ್ಟಿದ ಪೆಟ್ಟಿಗೆ ಕಾಣುತ್ತಿತ್ತು.

"ಹೋಗ್ತೀಯಾ?"

"ಶಾಲೆ ಕಾಗದ ಇನ್ನೂ ಕೊಟ್ಟಿಲ್ಲ, ಶುಕ್ರವಾರದವರೆಗೆ ಟೈಮಿದೆ. ಗುರುತು ಅಳಿಸ್ಬಹುದು."

"ಇರು ಅಂತ ಹೇಳೋ ಹಕ್ಕು ನನಗಿಲ್ಲ. ನಿನ್ನ ಹೆದರಿಕೆ ಗೊತ್ತಿದ್ದೂ ಸುಮ್ಮನಿದ್ದೆ," ಎಂದ ಅವನು. "ಅಮ್ಮನ್ನ ಉಳಿಸ್ಕೊಳ್ಳೋಕೆ ನಿನ್ನ ನಿದ್ದೆ ಕೆಡಿಸ್ದೆ. ಅದಕ್ಕೆ ಕ್ಷಮೆ ಕೇಳೋಕೂ ನಾಚಿಕೆ."

"ಕೇಳು ಪರವಾಗಿಲ್ಲ."

"ಕ್ಷಮಿಸು."

ಓರ್ಲಾ ಅವನನ್ನೇ ನೋಡಿದಳು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಇನ್ನೂ ಎಷ್ಟೋ ದಿನ ಬಚ್ಚಲ ಬಾಗಿಲ ಹಿಂದೆ ನೋಡಿಯೇ ಮಲಗುತ್ತಾಳೆ ಅವಳು. ಆದರೆ ಹೆದರಿದಾಗ ಯಾರ ಹೆಸರು ಕೂಗಬೇಕೆಂಬುದು ಅವಳಿಗೆ ಈಗ ಗೊತ್ತಿತ್ತು.

"ಇಂಜೆ, ಇನ್ಮೇಲೆ ನನ್ನ ಬಾಗಿಲಿಗೆ ಕದ್ದು ಬರ್ಬೇಡ. ತಟ್ಟು. ಯಾರು ಅಂತ ಕೇಳ್ತೀನಿ, ಹೆಸರು ಹೇಳು. ನನಗೆ ಬೇಕನ್ನಿಸಿದ್ರೆ ತೆಗೀತೀನಿ."

"ಬೇಡ ಅನ್ನಿಸಿದ್ರೆ?"

"ಕಾಯ್ತಾ ಇರು!"

ಬಾಗಿಲು ಮುಚ್ಚಿಕೊಂಡಳು. ಒಳಗೆ ನಿಂತು ಎಣಿಸಿದಳು. ಒಂದು... ಎರಡು... ಮೂರು...

ಟಕ್ ಟಕ್.

"ಯಾರು?"

"ಇಂಜೆ."

"ಏನು ಬೇಕು?"

ಹೊರಗೆ ಅವನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ ಸದ್ದು. ಆಮೇಲೆ, ಮೆಲ್ಲಗೆ, "ನಿನ್ನನ್ನ ಪ್ರೀತಿಸ್ತೀನಿ ಅಂತ ಹೇಳ್ಬೇಕಿತ್ತು... ಬಾಗಿಲು ತೆಗೀದಿದ್ರೂ ಪರವಾಗಿಲ್ಲ, ಇಲ್ಲಿಂದ್ಲೇ ಹೇಳ್ತೀನಿ."

ಓರ್ಲಾ ಮೇಲಿನ ಚಿಲಕ ತೆಗೆದಳು. ಕೆಳಗಿನದನ್ನೂ ತೆಗೆದಳು.

"ಒಳಗೆ ಬಂದು ಹೇಳು."