ಹೊತ್ತು ತಪ್ಪಿಸಿ ತೋರಿಸಿದ ಬೆಟ್ಟ

ಮುಖ ನೋಡಿ ಅಲ್ಲ, ಧ್ವನಿ ಕೇಳಿ ಅವಳು ಅವನ ಗುರುತು ಹಿಡಿದಳು.

ಬಸ್ ನಿಲ್ದಾಣದ ಎದುರು ಜೀಪಿನ ಬಾನೆಟ್ಟಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ಹಿಂದಿನಿಂದ ಯಾರೋ, "ಮೇಡಂ, ನಾಲ್ಕು ದಿನ ಬೆಟ್ಟ ಸುತ್ತಿಸ್ತೀರಾ?" ಎಂದರು. ಆ ಧ್ವನಿಯನ್ನು ಅವಳು ಫೋನಿನಲ್ಲಿ ಎಷ್ಟು ಸಲ ಕೇಳಿದ್ದಳೋ! ಕೇಳಿದಾಗಲೆಲ್ಲ ಹಲ್ಲು ಕಡಿದಿದ್ದಳು.

ಮೂರು ವರ್ಷದ ಹಿಂದೆ ಇದೇ ಆಸಾಮಿ ಕ್ಯಾಮೆರಾ ಹಿಡಿದು ಈ ಬೆಟ್ಟಕ್ಕೆ ಬಂದಿದ್ದ. ಊರೂರು ಸುತ್ತಿ ವಿಡಿಯೋ ಮಾಡುವ ಚಾನೆಲ್ ಅವನದು. ಆಗ ಈ ಜೀಪು ಓಡಿಸುತ್ತಿದ್ದವರು ಅವಳ ಅಪ್ಪ. ಸುಡು ಬೇಸಿಗೆ. ಬೆಟ್ಟದ ದೊಡ್ಡ ಜಲಪಾತ ಬಂಡೆಯ ಮೇಲೆ ದಾರದ ಹಾಗೆ ಇಳಿಯುತ್ತಿತ್ತು. "ಈಗ ಏನೂ ಇಲ್ಲ ಸರ್, ಮಳೆಗಾಲದಲ್ಲಿ ಬನ್ನಿ. ಹಾಲಿನ ಸಮುದ್ರ ನೋಡ್ತೀರ, ಹಾಲಿನ ಸಮುದ್ರ!" ಎಂದು ಅಪ್ಪ ಎರಡೂ ಕೈ ಅಗಲಿಸಿ ಹೇಳಿದ್ದರು. ಇವನು ಕ್ಯಾಮೆರಾವನ್ನು ಬಂಡೆಯ ಕಡೆ ತಿರುಗಿಸಿ, "ನೋಡ್ರಪ್ಪಾ ಹಾಲಿನ ಸಮುದ್ರ! ನಮ್ಮನೆ ಬಚ್ಚಲಿನ ನಲ್ಲಿ ಇದಕ್ಕಿಂತ ಜೋರಾಗಿ ಸೋರುತ್ತೆ," ಎಂದು ಬಿದ್ದು ಬಿದ್ದು ನಕ್ಕಿದ್ದ.

ಆ ನಗು ಎಲ್ಲರ ಫೋನಿಗೂ ಹೋಯಿತು. ಅಪ್ಪನ ಅಗಲಿಸಿದ ಕೈಗೆ ಯಾರೋ ಹಾಡು ಸೇರಿಸಿ ಕುಣಿಸಿದರು. ದಾರಿಯಲ್ಲಿ ಕಂಡವರೆಲ್ಲ "ಏನ್ ಯಜಮಾನ್ರೇ, ನಲ್ಲಿ ಸೋರ್ತಿದೆಯಾ?" ಎನ್ನತೊಡಗಿದರು. ಮಳೆಗಾಲದಲ್ಲೂ ಜಲಪಾತದ ಕಡೆ ಒಂದು ನರಪಿಳ್ಳೆಯೂ ಬರಲಿಲ್ಲ. ತಲೆ ಎತ್ತಿ ತಿರುಗುತ್ತಿದ್ದ ಮನುಷ್ಯ ಒಂದು ದಿನ ಜೀಪಿನ ಕೀಯನ್ನು ಮಗಳ ಕೈಗಿಟ್ಟು ಒಳಗೆ ಹೋಗಿ ಕೂತರು. ಆಮೇಲೆ ಜಲಪಾತದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅವಳು ಜೀಪಿಗೆ ಬೇರೆ ಬಣ್ಣ ಹೊಡೆಸಿದಳು. ಮನಸ್ಸಿಗೆ ಬೇರೆ ಬಣ್ಣ ಹೊಡೆಸಲು ಆಗಲಿಲ್ಲ.

ಈಗ ಕಾಲಲ್ಲಿ ನಡೆದುಕೊಂಡು ತಾನಾಗಿಯೇ ಬಂದಿದ್ದಾನೆ, ಪುಣ್ಯಾತ್ಮ!

"ಸುತ್ತಿಸ್ತೀನಿ ಸರ್," ಎಂದು ಅವಳು ನಕ್ಕಳು. "ಜನ್ಮದಲ್ಲಿ ಮರೀಬಾರ್ದು, ಹಾಗೆ ಸುತ್ತಿಸ್ತೀನಿ."

ಅಪ್ಪ ಅವಳನ್ನು ಕಿಡಿ ಎಂದು ಕರೆಯುತ್ತಿದ್ದರು. ಸುಮ್ಮನೆ ಇಟ್ಟ ಹೆಸರಲ್ಲ ಅದು.

ಬೆಟ್ಟದಲ್ಲಿ ಒಂದೊಂದು ಜಾಗಕ್ಕೂ ಅದರದೇ ಹೊತ್ತು. ಕಣಿವೆಯ ತುದಿಗೆ ಹೊತ್ತು ಹುಟ್ಟುವ ಮುಂಚೆ ಹೋಗಬೇಕು, ಆಮೇಲೆ ಮಂಜು ಏರಿ ಎಲ್ಲ ಮುಚ್ಚಿಬಿಡುತ್ತದೆ. ಗವಿಯ ದೇವರ ಮುಖದ ಮೇಲೆ ಬೆಳಕು ಬೀಳುವುದು ಬೆಳಿಗ್ಗೆ ಮಾತ್ರ. ಶಿಖರದ ಗುಡಿಗೆ ಮಧ್ಯಾಹ್ನದ ಮೇಲೆ ಬೀಗ. ಇದನ್ನು ತಿಳಿದು ನಡೆಸುವುದೇ ಜೀಪಿನವರ ಕೆಲಸ. ಕಿಡಿ ಈ ಸಲ ಎಲ್ಲವನ್ನೂ ತಿರುವಿ ಹಾಕಿದಳು. ಒಂದೊಂದು ಜಾಗವನ್ನೂ ಹೊತ್ತು ಮೀರಿದ ಮೇಲೆ ತೋರಿಸುವುದು. ಖಾಲಿ ಕ್ಯಾಮೆರಾ ಹೊತ್ತುಕೊಂಡು ಹೋಗಲಿ. ಈ ಸಲ ಜನ ಅವನನ್ನು ನೋಡಿ ನಗಲಿ.

ಮೊದಲ ದಿನ, ಕಣಿವೆಯ ತುದಿ ಇನ್ನೇನು ಹತ್ತಿರ ಎನ್ನುವಾಗ ಜೀಪು ನಿಲ್ಲಿಸಿ ಇಳಿದಳು. ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ವಾಲ್ವಿಗೆ ಕಡ್ಡಿ ಒತ್ತಿ ಸದ್ದಿಲ್ಲದೆ ಗಾಳಿ ಬಿಟ್ಟಳು.

"ಅಯ್ಯೋ, ಪಂಕ್ಚರ್ ಸರ್!"

"ಇಷ್ಟು ಒಳ್ಳೆ ಟೈರು, ಪಾಪ," ಎಂದು ಅವನು ಅಂಗಿಯ ತೋಳು ಮಡಚಿ ಇಳಿದ. ಸ್ಟೆಪ್ನಿ ಹಾಕುವಷ್ಟರಲ್ಲಿ ಅವನ ಕೆನ್ನೆಗೆಲ್ಲ ಮಸಿ. ತುದಿಗೆ ಹೋದರೆ ಕಣಿವೆಯೂ ಇಲ್ಲ, ಬೆಟ್ಟವೂ ಇಲ್ಲ, ಬರೀ ಮಂಜು.

"ಛೆ, ಏನೂ ಕಾಣ್ತಿಲ್ವಲ್ಲ ಸರ್," ಎಂದಳು. ಒಳಗೊಳಗೇ ಕುಣಿದಾಡುವಷ್ಟು ಖುಷಿ.

ಅವನು ಕಣಿವೆಯ ಕಡೆ ನೋಡಲೇ ಇಲ್ಲ. "ಯಾಕೆ ಕಾಣ್ತಿಲ್ಲ? ನಿಮ್ಮ ರೆಪ್ಪೆ ಮೇಲೆ ಹನಿ ಕೂತಿದೆ. ಎಡಗಡೆ ಎರಡು ಜಾಸ್ತಿ."

ಅವಳು ಕಣ್ಣನ್ನು ಎಷ್ಟು ಜೋರಾಗಿ ಒರೆಸಿಕೊಂಡಳೆಂದರೆ ಉರಿ ಎದ್ದಿತು.

ಮರುದಿನ ಗವಿ. ಸಂಜೆಯ ಮೇಲೆ ಕರೆದುಕೊಂಡು ಹೋದಳು. ಒಳಗೆ ಗವ್ವೆನ್ನುವ ಕತ್ತಲು. ಸ್ವಲ್ಪ ಹೊತ್ತಿಗೇ ಢಣ್ ಎಂದು ಅವನ ತಲೆ ಬಂಡೆಗೆ ಬಡಿಯಿತು. ತಡೆದುಕೊಳ್ಳಬೇಕೆಂದರೂ ಅವಳಿಗೆ ನಗು ಉಕ್ಕಿ ಬಂತು.

"ಅಬ್ಬಾ, ನಗ್ತೀರ ನೀವು!" ಎಂದ ಅವನು ತಲೆ ತಿಕ್ಕಿಕೊಳ್ಳುತ್ತ. "ಮೊದಲೇ ಹೇಳ್ಬಾರ್ದಾ? ನಿನ್ನೇನೇ ಎಲ್ಲಾದ್ರೂ ಹೊಡ್ಕೋತಿದ್ದೆ."

"ಮುಚ್ಚಿಕೊಂಡು ನಡೀರಿ ಸರ್."

"ಬಾಯಿನಾ, ಕಣ್ಣಾ? ಕಣ್ಣು ಮುಚ್ಚಿದ್ರೂ ಬಿಟ್ರೂ ಒಂದೇ ಇಲ್ಲಿ."

ಇನ್ನೊಮ್ಮೆ ಬಡಿದುಕೊಂಡು ಸತ್ತುಗಿತ್ತು ಹೋದಾನು ಎಂದು ಅವಳೇ ಅವನ ಮುಂಗೈ ಹಿಡಿದು ಹೊರಗೆ ತಂದಳು. ಜೀಪಿನ ಹತ್ತಿರ ಬಂದ ಮೇಲೆ ನೋಡಿದರೆ ಕೈ ಇನ್ನೂ ಬಿಟ್ಟಿರಲಿಲ್ಲ. ಆ ರಾತ್ರಿ ಅವಳಿಗೆ ತನ್ನ ಕೈಯ ಮೇಲೆ ಬಂದಷ್ಟು ಸಿಟ್ಟು ಅವನ ಮೇಲೂ ಬರಲಿಲ್ಲ. ಅಪ್ಪನ ಮಾನ ಕಳೆದವನ ಕೈ ಅದು. ಬೆಚ್ಚಗಿದ್ದರೇನು, ತಣ್ಣಗಿದ್ದರೇನು?

ಮೂರನೆಯ ದಿನ ಶಿಖರದ ಗುಡಿ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹೋದರೆ ಬಾಗಿಲಿಗೆ ಬೀಗ. ಅವನು ಬೀಗವನ್ನು ಕ್ಯಾಮೆರಾದಲ್ಲಿ ಹಿಡಿದ, ಅವಳನ್ನು ನೋಡಿದ, ಕ್ಯಾಮೆರಾ ಚೀಲದೊಳಗಿಟ್ಟು ಮೆಟ್ಟಿಲ ಮೇಲೆ ಕೂತ.

"ಒಂದು ವಿಷಯ ಕೇಳ್ಲಾ? ಮೂರು ವರ್ಷದ ಹಿಂದೆ ಇಲ್ಲಿ ಒಬ್ಬರು ದೊಡ್ಡವರು ಜೀಪು ಓಡಿಸ್ತಿದ್ರು. ನಾನು ಅವರನ್ನ ತುಂಬ ನಗೆಪಾಟಲು ಮಾಡ್ಬಿಟ್ಟೆ. ಆಮೇಲೆ ಆ ವಿಡಿಯೋ ತೆಗೆದುಹಾಕ್ದೆ, ಅಷ್ಟೊತ್ತಿಗೆ ಕೈ ಮೀರಿತ್ತು. ಅವರ ಕಾಲು ಹಿಡಿಯೋಣ ಅಂತಾನೇ ಬಂದಿದ್ದು. ಯಾರನ್ನ ಕೇಳಿದ್ರೂ ಮುಖ ತಿರುಗಿಸ್ತಾರೆ."

ಕಿಡಿಯೊಳಗೆ ಹಳೆಯ ಬೆಂಕಿ ಭಗ್ಗೆಂದು ಎದ್ದಿತು.

"ಊರಿಗೆಲ್ಲ ಕೇಳೋ ಹಾಗೆ ನಕ್ಕು, ಯಾರೂ ಇಲ್ಲದ ಕಡೆ ಕಾಲು ಹಿಡೀತೀರಾ? ಚೆನ್ನಾಗಿದೆ ಸರ್ ನಿಮ್ಮ ಪಶ್ಚಾತ್ತಾಪ!"

ಅವನು ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿಯತೊಡಗಿದ. ಗೆದ್ದೆ ಎಂದುಕೊಂಡಳು. ಗೆದ್ದರೂ ಖುಷಿ ಯಾಕೆ ಆಗುತ್ತಿಲ್ಲ ಎಂದು ಮಾತ್ರ ತಿಳಿಯಲಿಲ್ಲ.

ಮನೆಗೆ ಬಂದರೆ ಅಪ್ಪ ಫೋನ್ ಹಿಡಿದು ಕೂತಿದ್ದರು. ಅವನು ದಿನವೂ ಸಂಜೆ ಅಂದಂದಿನ ವಿಡಿಯೋ ಹಾಕುತ್ತಿದ್ದ. ಮಂಜು, ಕತ್ತಲು, ಬೀಗ. ಕೆಳಗೆ ಜನ ಬರೆದಿದ್ದರು: ಈ ಬೆಟ್ಟದಲ್ಲಿ ನೋಡೋಕೆ ಏನೂ ಇಲ್ಲ ಬಿಡಿ.

"ನೋಡಿದ್ಯಾ ಅಪ್ಪ? ಹೇಗಿದೆ ನನ್ನ ಸೇಡು? ಅವನಿಗೆ ಏಳು ಕೆರೆ ನೀರು ಕುಡಿಸ್ತಿದೀನಿ!"

ಅಪ್ಪ ನಗಲಿಲ್ಲ. "ಅವನು ಬೆಟ್ಟ ಗೊತ್ತಿಲ್ದೆ ಒಂದು ಜಾಗದ ಹೆಸರು ಕೆಡಿಸ್ದ. ನೀನು ಗೊತ್ತಿದ್ದೂ ಮೂರು ಜಾಗದ ಹೆಸರು ಕೆಡಿಸ್ದೆ. ಯಾರ ಮೇಲೆ ಸೇಡು ತೀರಿಸ್ಕೊಂಡೆ ಮಗಳೇ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಪ್ಪ ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ ಬೆಟ್ಟ ಅದು. ಹೊತ್ತು ನೋಡಿ, ಮೋಡ ನೋಡಿ, ಹೆಮ್ಮೆಯಿಂದ ತೋರಿಸಿದ ಬೆಟ್ಟ. ಅವಳು ಬಾಗಿಲ ಚಿಲಕ ಹಾಕಿಕೊಂಡು ಅತ್ತಳು.

ಬೆಳಗಾಗುವ ಮುಂಚೆ ಅವನಿದ್ದ ಲಾಡ್ಜಿನ ಬಾಗಿಲು ದಬದಬ ಬಡಿದಳು. ಅವನು ಕಣ್ಣುಜ್ಜುತ್ತ ಬಂದ.

"ಅವತ್ತು ಪಂಕ್ಚರ್ ಆಗಿರಲಿಲ್ಲ. ಗಾಳಿ ಬಿಟ್ಟಿದ್ದು ನಾನು. ಗವಿಗೆ ಬೆಳಿಗ್ಗೆ ಹೋಗ್ಬೇಕು, ಗುಡಿಗೆ ಮಧ್ಯಾಹ್ನದೊಳಗೆ. ಬೇಕಂತಲೇ ಮಾಡ್ದೆ. ನೀವು ಹುಡುಕ್ತಿರೋ ದೊಡ್ಡವರು ನನ್ನಪ್ಪ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಗಾಳಿ ಬಿಟ್ಟಿದ್ದು ಗೊತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಕಂಡಿತ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಇಷ್ಟು ಸಿಟ್ಟಿಗೆ ಏನೋ ಕಾರಣ ಇರುತ್ತೆ ಅನ್ಕೊಂಡೆ. ಮತ್ತೆ..." ಅವನು ತಲೆ ತಗ್ಗಿಸಿದ. "ಕೇಳಿದ್ರೆ ನೀವು ಮಾರನೇ ದಿನ ಬರಲ್ಲ ಅನ್ಕೊಂಡೆ."

"ಚಪ್ಪಲಿ ಹಾಕ್ಕೊಳ್ಳಿ," ಎಂದಳು. ಧ್ವನಿ ಗಡುಸಾಗಿಯೇ ಇತ್ತು. ಕಿವಿ ಮಾತ್ರ ಕೆಂಪಾಗಿತ್ತು.

ಅಂದು ಎಲ್ಲವನ್ನೂ ಅದರದರ ಹೊತ್ತಿಗೆ ತೋರಿಸಿದಳು. ಕಣಿವೆಯ ಮೇಲೆ ಬೆಳಕು ಹರಡಿದ್ದನ್ನು ನೋಡಿ ಅವನು ಕ್ಯಾಮೆರಾ ತೆಗೆಯುವುದನ್ನೇ ಮರೆತ. ಗವಿಯಲ್ಲಿ ಬೆಳಕು ದೇವರ ಮುಖಕ್ಕೆ ಇಳಿದಾಗ ಕೈ ಮುಗಿದ. ಗುಡಿಯ ಬಾಗಿಲು ತೆರೆದಿತ್ತು. ಕೊನೆಗೆ ಅವಳು ಜೀಪನ್ನು ಮನೆಯ ಮುಂದೆ ನಿಲ್ಲಿಸಿದಳು. ಅವನು ಇಳಿದವನೇ ಅಪ್ಪನ ಮುಂದೆ ನಿಂತು, "ಇಲ್ಲಿ ಕ್ಷಮೆ ಕೇಳಲ್ಲ ಯಜಮಾನ್ರೇ. ಎಲ್ಲಿ ನಕ್ಕೆನೋ ಅಲ್ಲೇ ಕೇಳ್ತೀನಿ, ಎಲ್ಲರಿಗೂ ಕಾಣೋ ಹಾಗೆ," ಎಂದ. ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅಂಗಿ ಬದಲಾಯಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು.

ಜಲಪಾತದಲ್ಲಿ ಈ ಬೇಸಿಗೆಯೂ ಅದೇ ದಾರದಷ್ಟು ನೀರು. ಅವನು ಲೈವ್ ಹಚ್ಚಿ, ಮಾಡಿದ್ದನ್ನೆಲ್ಲ ಹೇಳಿ, ಅಪ್ಪನ ಕಾಲು ಮುಟ್ಟಿದ. ಅಪ್ಪ ಕರಗಲಿಲ್ಲ.

"ಕಾಲು ಮುಟ್ಟೋದು ಸುಲಭ ಕಣಪ್ಪ. ಮಳೆ ಬರೋವರೆಗೂ ದಿನಾ ಈ ಬಂಡೆ ಮೇಲೆ ನಿಂತ್ಕೋ. ಬಂದವರಿಗೆಲ್ಲ ಎರಡೂ ಕೈ ಅಗಲಿಸಿ ಹೇಳು, ಹಾಲಿನ ಸಮುದ್ರ ಅಂತ. ಜನ ನಗ್ತಾರೆ. ಹೇಗಿರುತ್ತೆ ನೋಡು."

ನಿಂತ. ಜನ ಅದನ್ನು ನೋಡಲೆಂದೇ ಬಂದರು. ಒಣ ಬಂಡೆಯ ಮೇಲೆ ಕೈ ಅಗಲಿಸಿ ನಿಂತವನನ್ನು ಮನಸಾರೆ ಗೇಲಿ ಮಾಡಿದರು, ಫೋಟೋ ಹೊಡೆದುಕೊಂಡರು. ಮೊದಲ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಕಿಡಿ. ಆಹಾ, ಮೂರು ವರ್ಷದ ಹಸಿವು ಅದು! ಆದರೆ ಕೆಲವು ದಿನ ಕಳೆದ ಮೇಲೆ ಯಾವನೋ ಒಬ್ಬ, "ಏನ್ ಗುರು, ನಲ್ಲಿ ಸೋರ್ತಿದೆಯಾ?" ಎಂದಾಗ ಅವಳು ಸೀದಾ ಆ ನಕ್ಕವನ ಮುಂದೆ ಹೋಗಿ ನಿಂತಳು.

"ನಗೋಕೇನಿದೆ ಇದ್ರಲ್ಲಿ? ಮಳೆಗಾಲದಲ್ಲಿ ಬಂದು ನೋಡು, ಆಮೇಲೆ ಹಲ್ಲು ಬಿಡುವಂತೆ!"

ಬಂಡೆಯ ಮೇಲಿದ್ದವನ ಅಗಲಿಸಿದ ಕೈ ಹಾಗೆಯೇ ನಿಂತಿತು. ಅವಳು ತಿರುಗಿ ನೋಡದೆ ಜೀಪು ಹತ್ತಿದಳು. ಸ್ಟಾರ್ಟ್ ಆಗಿದ್ದ ಗಾಡಿಗೆ ಮತ್ತೆ ಕೀ ತಿರುಗಿಸಿದಳು.

ಮಳೆ ಬಂತು. ಬೆಟ್ಟದ ಮೇಲಿನಿಂದ ಗುಡುಗಿಕೊಂಡು ಇಳಿದ ನೀರು ಬಂಡೆಯನ್ನೆಲ್ಲ ಮುಚ್ಚಿ ಬೆಳ್ಳಗೆ ನೊರೆಯೆದ್ದಿತು. ಕಾಲಿಡಲು ಜಾಗವಿಲ್ಲದಷ್ಟು ಜನ. ಅಪ್ಪ ಕೊಡೆಯಿಲ್ಲದೆ ಎಲ್ಲರ ಮುಂದೆ ನಿಂತು ಎರಡೂ ಕೈ ಅಗಲಿಸಿದರು. ಈ ಸಲ ಒಬ್ಬರೂ ನಗಲಿಲ್ಲ.

ಅವನು ತೋಯ್ದ ಚೀಲ ಹಿಡಿದು ಜೀಪಿನ ಬಳಿ ಬಂದ. "ಶಿಕ್ಷೆ ಮುಗೀತು. ಸಂಜೆ ಬಸ್ಸಿಗೆ ಬಿಡ್ತೀರಾ ಮೇಡಂ?"

"ಹತ್ತಿ," ಎಂದಳು ಕಿಡಿ. ಅವನು ಮುಂದೆ ಕೂತ ಮೇಲೆ ಜೀಪನ್ನು ಸುತ್ತಿ ಹೋಗಿ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಳು. ಪಕ್ಕದ ಕನ್ನಡಿಯಲ್ಲಿ ಅವನ ಕಣ್ಣು ಸಿಗುವವರೆಗೂ ಕಾದಳು. ಸಿಕ್ಕ ಮೇಲೆ, ಆ ಕಣ್ಣನ್ನೇ ನೋಡುತ್ತ, ಈ ಸಲ ಊರಿಗೇ ಕೇಳುವ ಹಾಗೆ ಗಾಳಿ ಬಿಟ್ಟಳು.

"ಅಪ್ಪ ಕೊಟ್ಟ ಶಿಕ್ಷೆ ಮುಗೀತು ಸರ್. ನಂದು ಇನ್ನೂ ಶುರುವೇ ಆಗಿಲ್ಲ."

ಅವನ ಮುಖದಲ್ಲಿ ನಗು ಹರಡಿತು. "ಸ್ಟೆಪ್ನಿ ಇದೆಯಲ್ಲ?"

"ಅದರ ಗಾಳಿ ಬೆಳಿಗ್ಗೇನೇ ಬಿಟ್ಟಾಯ್ತು."