ಮೂರು ಮೂವತ್ತೈದರ ಕರೆ

"ಆ ದಿನ ನಿಮ್ಮ ತಂದೆಯ ಫೋನಿನಿಂದ ನಿಮಗೊಂದು ಕರೆ ಬಂತು. ನೀವು ಕಟ್ ಮಾಡಿದಿರಿ. ಹೌದೋ, ಅಲ್ಲವೋ?"

ಅವಳು ಕಟಕಟೆಯ ಅಂಚನ್ನು ಬಿಗಿಯಾಗಿ ಹಿಡಿದಳು.

ಇವನಿಗೆ ಹೇಗೆ ಗೊತ್ತು...? ಯಾರು ಹೇಳಿದರು ಇವನಿಗೆ?

ಅದೇನೂ ನಿಜವಾದ ಕೋರ್ಟಲ್ಲ. ಕಾನೂನು ಕಾಲೇಜುಗಳ ನಡುವಿನ ಅಣಕು ವಿಚಾರಣೆಯ ಸ್ಪರ್ಧೆ, ಅದರ ಸೆಮಿಫೈನಲ್. ಎಲ್ಲ ತಂಡಗಳಿಗೂ ಒಂದೇ ಕಡತ ಕೊಟ್ಟಿದ್ದರು. ಮೆಟ್ಟಿಲಿನ ಕಂಬಿ ಮುರಿದು ಬಿದ್ದು ಸತ್ತ ಬಾಡಿಗೆದಾರ, ಮನೆ ಮಾಲೀಕನ ಮೇಲೆ ಕೇಸು ಹಾಕಿದ ಅವನ ಮಗಳು. ಎಲ್ಲವೂ ಕಟ್ಟುಕಥೆ. ಆ ಮಗಳ ಪಾತ್ರ ಅವಳದು.

ಮೂರು ವರ್ಷಗಳಿಂದ ಅವಳಿಗೆ ಸಿಗುತ್ತಿದ್ದದ್ದು ಇಂಥ ಪಾತ್ರಗಳೇ. ಕರಿ ಕೋಟು ತೊಟ್ಟು ವಾದಿಸುವವರು ಬೇರೆ, ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡುವವಳು ಇವಳು. ಅಳಬೇಕಾದಲ್ಲಿ ಅಳುತ್ತಿದ್ದಳು, ತಡವರಿಸಬೇಕಾದಲ್ಲಿ ತಡವರಿಸುತ್ತಿದ್ದಳು. ಹಾಗಾಗಿ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು 'ಸಾಕ್ಷಿ'.

ಎದುರಿಗೆ ನಿಂತು ಮಾಲೀಕನ ಪರವಾಗಿ ಪಾಟೀಸವಾಲು ಮಾಡುತ್ತಿದ್ದವನು ಬೇರೆ ಕಾಲೇಜಿನ ಹುಡುಗ. ಮಾತುಮಾತಿಗೂ ಎದ್ದು ಆಕ್ಷೇಪಣೆ ಎತ್ತುತ್ತಿದ್ದುದರಿಂದ ಸ್ಪರ್ಧೆಗೆ ಬರುವವರೆಲ್ಲ ಅವನಿಗೆ ಇಟ್ಟ ಹೆಸರು 'ತಕರಾರು'.

"ಉತ್ತರ ಹೇಳಿ," ಎಂದ ಅವನು.

ಬಾಯಿಪಾಠ ಮಾಡಿದ ಹೇಳಿಕೆಯೆಲ್ಲ ಅವಳ ತಲೆಯಿಂದ ಜಾರಿಹೋಗಿತ್ತು. ಕಣ್ಣ ಮುಂದೆ ಇದ್ದದ್ದು ಎರಡು ವರ್ಷದ ಹಿಂದಿನ ಒಂದು ತರಗತಿ, ಅಭ್ಯಾಸಕ್ಕೆಂದು ಜೋಡಿಸಿದ ಬೆಂಚುಗಳು, ಕೈಯಲ್ಲಿ ಗುಂಯ್‌ಗುಡುತ್ತಿದ್ದ ಫೋನು. ಪರದೆಯ ಮೇಲೆ 'ಅಪ್ಪ'.

"ಹೌದು," ಎಂದಳು. "ಕಟ್ ಮಾಡಿದೆ. ಮೂರು ಮೂವತ್ತೈದಕ್ಕೆ. ಆಮೇಲೆ ಮಾಡಿದರಾಯಿತು ಅಂದುಕೊಂಡೆ... ಆಮೇಲೆ ಅಪ್ಪ ಇರಲಿಲ್ಲ."

ಉಳಿದ ನಿಮಿಷಗಳನ್ನು ತೋರಿಸುವ ಫಲಕ ಎತ್ತಬೇಕಾದ ಹುಡುಗಿ ಎತ್ತುವುದನ್ನೇ ಮರೆತಳು.

ತಕರಾರು ಕೈಯಲ್ಲಿದ್ದ ಹಾಳೆಯ ಮೇಲೊಮ್ಮೆ ಕಣ್ಣಾಡಿಸಿದ. ಅವಳ ಮುಖ ನೋಡಿದ. ಮತ್ತೆ ಹಾಳೆ ನೋಡಿದ. ಇನ್ನೂ ಎಷ್ಟೋ ಪ್ರಶ್ನೆಗಳು ಬಾಕಿ ಇದ್ದಂತಿತ್ತು. ಆದರೂ ಹಾಳೆಯನ್ನು ಮಡಚಿ, "ಇಷ್ಟೇ, ಮಹಾಸ್ವಾಮಿ," ಎಂದು ಹೋಗಿ ಕುಳಿತುಬಿಟ್ಟ.

ಮಗಳು ದಿನಾ ಅಪ್ಪನ ಜೊತೆ ಮಾತಾಡುತ್ತಿದ್ದಳು, ಕಂಬಿ ಸಡಿಲಾದ ವಿಷಯ ಸತ್ತ ದಿನವೂ ಅವನ ಬಾಯಿಂದಲೇ ಕೇಳಿದ್ದಳು ಎಂಬುದೇ ಇವಳ ತಂಡದ ವಾದಕ್ಕೆ ಬುನಾದಿ. ಅದು ಕುಸಿದುಬಿತ್ತು. ಸಾಕ್ಷಿಯನ್ನು ಮರುವಿಚಾರಣೆ ಮಾಡುತ್ತೀರಾ ಎಂದು ತೀರ್ಪುಗಾರರು ಕೇಳಿದಾಗ, ತಂಡದ ನಾಯಕಿ ಕುಳಿತಲ್ಲಿಂದಲೇ ಬೇಡವೆಂದು ತಲೆಯಾಡಿಸಿದಳು.

ಸೋತರು!

"ಏನೇ ಆಗಿತ್ತು ನಿಂಗೆ?" ಹೊರಗೆ ಬಂದ ಮೇಲೆ ನಾಯಕಿ ರೇಗಿದಳು. "ನಾಲ್ಕು ತಿಂಗಳು ಒದ್ದಾಡಿದ್ದೀವಿ ಕಣೇ! ಕಡತದಲ್ಲಿ ಇಲ್ಲದ್ದೆಲ್ಲ ಹೇಳೋಕೆ ಯಾರು ಹೇಳಿದ್ರು?"

ಏನೆಂದು ಹೇಳುವುದು? ಅಪ್ಪ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಆ ಕರೆಯ ವಿಷಯ ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ... ಅಮ್ಮನಿಗೂ!

ಸಂಜೆ ಬಹುಮಾನ ವಿತರಣೆ. ಅತ್ಯುತ್ತಮ ಪಾಟೀಸವಾಲಿನ ಬಹುಮಾನಕ್ಕೆ ತಕರಾರಿನ ಹೆಸರು ಕೂಗಿದರು. "ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವ ವಕೀಲ," ಎಂದು ತೀರ್ಪುಗಾರರು ಹೊಗಳಿದರು. ಚಪ್ಪಾಳೆ ಅವಳ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು.

ಜನ ತುಂಬಿದ್ದ ಮೊಗಸಾಲೆಯಲ್ಲಿ ಅವನು ಎದುರಾದ. ಕೈಯಲ್ಲಿ ಬಹುಮಾನದ ಫಲಕ.

"ಒಂದು ನಿಮಿಷ... ನಿಮ್ಮ ಹತ್ರ ಮಾತಾಡಬೇಕಿತ್ತು," ಎಂದ.

"ಯಾರು ಹೇಳಿದ್ರು ನಿಮಗೆ?"

"ಏನನ್ನ?"

"ನಾಟಕ ಬೇಡ! ಬೇರೆಯವರ ಮನೆಯ ಸಾವು ಕೆದಕಿ ಬಹುಮಾನ ತಗೊಳ್ಳೋಕೆ ನಾಚಿಕೆ ಆಗಲ್ವಾ?"

ಅವಳು ಹಿಂತಿರುಗಿ ನೋಡದೆ ಹೊರಟುಹೋದಳು.

ಆಮೇಲಿನ ಎರಡು ವಾರ ಅವಳ ಜೊತೆ ಮಾತಾಡಿದವರೇ ಕಡಿಮೆ.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಒಳಬಂದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅಷ್ಟೇ. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದವಳು ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಳು. ಅವಳ ಮಂಚದ ಮೇಲೆ ಬರಿ ಹಾಸಿಗೆ, ಗೋಡೆಯಲ್ಲಿ ಬರಿ ಮೊಳೆ. ಭಾನುವಾರವಂತೂ ಬೆಳಗಿನಿಂದ ಸಂಜೆವರೆಗೆ ಅವಳ ಬಾಯಿಂದ ಹೊರಟ ಮಾತು ಒಂದೇ. ಸ್ನಾನದ ಮನೆಯ ಬಾಗಿಲು ತಟ್ಟಿದವರಿಗೆ, "ಇದ್ದೀನಿ."

ಅಮ್ಮ ಫೋನ್ ಮಾಡುತ್ತಿದ್ದಳು. ಅಂಚೆ ಕಚೇರಿಯ ಕೌಂಟರಿನ ಕೆಲಸ ಮುಗಿಸಿ, ಬಸ್ಸು ಹತ್ತುವ ಮೊದಲು.

"ಊಟ ಆಯ್ತಾ?"

"ಆಯ್ತು."

"ಹುಷಾರಾಗಿದ್ದೀಯ ತಾನೆ?"

"ಹ್ಞೂಂ."

"ಸರಿ... ಬಸ್ ಬಂತು."

ಎರಡು ವರ್ಷಗಳಿಂದ ಇದೇ. ಅಮ್ಮನ ದನಿ ಕೇಳಿದಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಿದರೆ ಅಮ್ಮನೂ ಕೈಬಿಟ್ಟರೆ? ಆಮೇಲೆ ಯಾರಿದ್ದಾರೆ ನನಗೆ?

ತಕರಾರು ಎರಡು ಸಲ ಹಾಸ್ಟೆಲ್ ಬಾಗಿಲಿಗೆ ಬಂದಿದ್ದ. "ಇಲ್ಲ ಅಂತ ಹೇಳಿ," ಎಂದು ವಾರ್ಡನ್ ಕೈಲಿ ಹೇಳಿಸಿದ್ದಳು. ಅವನ ನಂಬರನ್ನೂ ಬ್ಲಾಕ್ ಮಾಡಿದ್ದಳು.

ಒಂದು ದಿನ ತಂಡಕ್ಕೆ ತರಬೇತಿ ಕೊಡುವ ಮೇಡಂ ಕರೆಸಿದರು. ಸರ್ಕಾರಿ ವಕೀಲರಾಗಿ ನಿವೃತ್ತರಾದವರು, ಮಾತು ಅಳೆದು ಸುರಿದಂತೆ.

"ಕಡತ ಪೂರ್ತಿ ಓದಿದ್ಯಾ?"

"ಓದಿದ್ದೆ, ಮೇಡಂ."

"ಮೂವತ್ತೇಳನೇ ಪುಟ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹೋಗಿ ಓದು."

ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಆ ಪುಟ ತೆರೆದಳು. ಸತ್ತ ಬಾಡಿಗೆದಾರನ ಫೋನ್ ಕರೆಗಳ ಪಟ್ಟಿ. ಕಡತ ಸಿಕ್ಕ ದಿನ ತಲೆಬರಹ ನೋಡುತ್ತಲೇ ಆ ಪುಟವನ್ನು ಮಗುಚಿಹಾಕಿದ್ದಳು. ಕರೆಗಳ ಪಟ್ಟಿ ಎಂದರೇ ಅವಳಿಗೆ ಅಪ್ಪನ ಆ ಕರೆ ಕಣ್ಣಿಗೆ ಕಟ್ಟುತ್ತಿತ್ತು.

ಕೆಳಗಿನಿಂದ ಮೂರನೇ ಸಾಲು: *ಮಗಳಿಗೆ. ಸಂಜೆ 4.10. ಕರೆ ತಿರಸ್ಕರಿಸಲಾಗಿದೆ.*

ಅಯ್ಯೋ...!

ಕಡತದಲ್ಲೇ ಇತ್ತು! ಅವನು ಯಾರ ಮನೆಯ ಸಾವನ್ನೂ ಕೆದಕಿರಲಿಲ್ಲ. ಎಲ್ಲರಿಗೂ ಕೊಟ್ಟ ಹಾಳೆಯನ್ನು ಸರಿಯಾಗಿ ಓದಿಕೊಂಡು ಬಂದಿದ್ದ, ಅಷ್ಟೇ. ಅದಕ್ಕೆ ನಾನು... ಅಷ್ಟು ಜನರ ಎದುರು...

ಮಾರನೆಯ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಅವನ ಕಾಲೇಜಿಗೆ ಹೋದಳು. ಅಭ್ಯಾಸದ ಕೊಠಡಿಯಲ್ಲಿ ಅವನು ಒಬ್ಬನೇ ಇದ್ದ. ಖಾಲಿ ಕುರ್ಚಿಗಳನ್ನು ಸಾಲಾಗಿ ಇಟ್ಟುಕೊಂಡು ಅವುಗಳಿಗೆ ವಾದ ಮಂಡಿಸುತ್ತಿದ್ದ. ಅವಳನ್ನು ಕಂಡು ಅರ್ಧ ವಾಕ್ಯಕ್ಕೇ ನಿಂತ.

"ತಪ್ಪು ನಂದು," ಎಂದಳು, ಬಾಗಿಲಲ್ಲೇ. "ಮೂವತ್ತೇಳನೇ ಪುಟ ನಾನು ಓದಿರಲಿಲ್ಲ. ಕ್ಷಮಿಸಿ."

"ಬನ್ನಿ, ಕೂತ್ಕೊಳ್ಳಿ. ಇವರೆಲ್ಲ ಏನೂ ಅಂದ್ಕೊಳ್ಳಲ್ಲ," ಎಂದು ಕುರ್ಚಿಗಳತ್ತ ಕೈ ತೋರಿಸಿದ. ಅವಳಿಗೆ ನಗು ಬರಬೇಕಿತ್ತು, ಅಳು ಬಂತು.

ಅವನು ನೀರಿನ ಬಾಟಲಿ ಮುಂದಿಟ್ಟು ಕಿಟಕಿಯ ಕಡೆ ತಿರುಗಿ ನಿಂತ. ಅವಳು ಮೂಗು ಒರೆಸಿಕೊಳ್ಳುವವರೆಗೂ ತಿರುಗಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

"ಅಲ್ಲೇ. ಹಾಳೆಯಲ್ಲಿ ನಾಲ್ಕು ಹತ್ತು ಅಂತಿತ್ತು. ನೀವು ಮೂರು ಮೂವತ್ತೈದು ಅಂದ್ರಿ. ಮರೆತವರು ಹಾಗೆ ನಿಮಿಷ ಹಿಡಿದು ಹೇಳಲ್ಲ. ಇದು ಇವರದ್ದೇ ಕರೆ ಅನ್ನಿಸಿತು... ಆಮೇಲೆ ಇನ್ನೊಂದು ಪ್ರಶ್ನೆ ಕೇಳೋಕೂ ನನ್ನ ಕೈಲಾಗಲಿಲ್ಲ."

ಹಾಗಾದರೆ ಅಂದು ಅವನು ನಿಲ್ಲಿಸಿದ್ದು ಗೆಲ್ಲುವುದಕ್ಕಲ್ಲ!

ಅವಳು ಮೊದಲ ಸಲ ಎಲ್ಲವನ್ನೂ ಹೇಳಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅಪ್ಪ, ಅಭ್ಯಾಸದ ನಡುವೆ ಬಂದ ಕರೆ, ಒಂದು ಗಂಟೆ ಬಿಟ್ಟು ವಾಪಸ್ ಮಾಡಿದಾಗ ಫೋನೆತ್ತಿದ ಚಿಕ್ಕಪ್ಪ. "ಹೃದಯಾಘಾತ, ಬೇಗ ಬಾ" ಅಂದಿದ್ದು, ಆ ಕರೆಯನ್ನು ಅಮ್ಮನಿಂದಲೂ ಮುಚ್ಚಿಟ್ಟದ್ದು.

"ಕೊನೇ ಸಲ ನನ್ನ ಹತ್ರ ಏನೋ ಹೇಳಬೇಕು ಅಂತಿದ್ರು ಅಪ್ಪ. ನಾನು ಕಟ್ ಮಾಡಿದೆ."

ಅವನು ಒಂದು ಕುರ್ಚಿ ಎಳೆದು ಎದುರಿಗೆ ಕುಳಿತ. ಆಮೇಲೆ ಹಿಂಜರಿಯುತ್ತಲೇ ಕೇಳಿದ.

"ಒಂದು ಮಾತು ಕೇಳಲಾ? ಬೇಜಾರು ಮಾಡ್ಕೋಬೇಡಿ... ಅವತ್ತು ನಿಮ್ಮ ನಾಯಕಿ ಮರುವಿಚಾರಣೆಯಲ್ಲಿ ಒಂದು ಪ್ರಶ್ನೆ ಕೇಳಿದ್ರೆ ನೀವು ಗೆಲ್ತಿದ್ರಿ. ಕರೆ ಯಾವ ಫೋನಿನಿಂದ ಬಂತು ಅಂತ ಪಟ್ಟಿ ಹೇಳುತ್ತೆ. ಆ ಫೋನು ಯಾರ ಕೈಲಿತ್ತು ಅಂತ ಹೇಳಲ್ಲ."

ಅವಳು ದಡಕ್ಕನೆ ಎದ್ದಳು. "ನನ್ನ ಬದುಕು ನಿಮ್ಮ ಕಡತ ಅಲ್ಲ!"

"ಅಲ್ಲ. ಅದಕ್ಕೇ ಹೇಳ್ತಿದ್ದೀನಿ. ಕಡತದಲ್ಲಿ ಇರೋರನ್ನ ಕರೆದು ಕೇಳೋಕಾಗಲ್ಲ. ನಿಮಗೆ ಅಮ್ಮ ಇದ್ದಾರಲ್ಲ..."

ಅವಳು ಹೊರಟಳು. ಆದರೆ ಹಾಸ್ಟೆಲಿನ ದಾರಿ ಹಿಡಿಯಲಿಲ್ಲ. ಊರಿನ ಬಸ್ಸು ಹತ್ತಿದಳು.

ಅಮ್ಮ ಇಸ್ತ್ರಿ ಹಾಕುತ್ತಿದ್ದಳು. ಹೇಳದೆ ಕೇಳದೆ ಬಂದ ಮಗಳನ್ನು ಕಂಡು ಗಾಬರಿಯಾದಳು.

"ಏನಾಯ್ತೇ?"

"ಅಮ್ಮಾ... ಅಪ್ಪ ಹೋದ ದಿನ ನಂಗೆ ಫೋನ್ ಬಂದಿತ್ತು. ನಾನು ಕಟ್ ಮಾಡಿದ್ದೆ." ಒಂದೇ ಉಸಿರಿಗೆ ಹೇಳಿಬಿಟ್ಟಳು. "ಅಪ್ಪ ಏನು ಹೇಳಬೇಕಂತಿದ್ರೋ ಏನೋ..."

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದಳು. ಮಡಚಿದ ಬಟ್ಟೆಯ ಮೇಲೆಯೇ ಕುಳಿತಳು.

"ಫೋನ್ ಮಾಡಿದ್ದು ನಾನು," ಎಂದಳು.

"...ಏನು?"

"ನನ್ನ ಫೋನು ಮನೇಲೇ ಬಿಟ್ಟುಬಂದಿದ್ದೆ. ಆಂಬುಲೆನ್ಸಿನಲ್ಲಿ ಅಪ್ಪನ ಜೇಬಿಂದ ತೆಗೆದು ಮಾಡಿದೆ. ಅವರಿಗೆ ಆಗಲೇ ಪ್ರಜ್ಞೆ ಇರಲಿಲ್ಲ ಕಣೇ, ಪುಟ್ಟಿ."

ಅವಳು ಅಮ್ಮನ ಮುಂದೆ ನೆಲದ ಮೇಲೆ ಕುಸಿದಳು.

"ನೀನು ಕಟ್ ಮಾಡಿದಾಗ ನಂಗೆ ಸಮಾಧಾನ ಆಯ್ತು, ಗೊತ್ತಾ?" ಎಂದಳು ಅಮ್ಮ. "ಏನಂತ ಹೇಳೋದು ಮಗೂಗೆ ಅಂತ. ಆಮೇಲೆ ಇನ್ನೊಂದ್ಸಲ ಮಾಡೋ ಧೈರ್ಯ ಬರಲಿಲ್ಲ. ನನ್ನಿಂದಾಗಿ ನೀನು ಜೀವ ಇರುವಾಗ ಅಪ್ಪನ ಮುಖ ನೋಡೋದು ತಪ್ಪಿಹೋಯ್ತು. ಅದಕ್ಕೇ ನನ್ನ ಮೇಲೆ ಮುನಿಸಿಕೊಂಡಿದ್ದೀಯ, ಅದಕ್ಕೇ ಮಾತಾಡಲ್ಲ ಅಂದ್ಕೊಂಡಿದ್ದೆ..."

"ಅಮ್ಮಾ!"

ಎರಡು ವರ್ಷ! ಒಂದೇ ನೋವನ್ನು ಇಬ್ಬರೂ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕೋಣೆಯಲ್ಲಿ ಒಬ್ಬೊಬ್ಬರೇ ಹೊತ್ತಿದ್ದರು. ಅಂದು ತಾಯಿ ಮಗಳು ತಬ್ಬಿಕೊಂಡು ಮನಸಾರೆ ಅತ್ತರು. ಅತ್ತ ಮೇಲೆ ಅಪ್ಪನ ಬಗ್ಗೆ ಮಾತಾಡಿದರು. ಅಂಗಿಗೆ ಸೀಮೆಸುಣ್ಣ ಮೆತ್ತಿಕೊಂಡೇ ಮದುವೆಮನೆಗೆ ಹೋಗಿದ್ದನ್ನು ನೆನೆದು ನಕ್ಕರು ಕೂಡ.

ಎರಡು ದಿನ ಕಳೆದು, ಹೊರಡುವ ದಿನ ಬೆಳಗ್ಗೆ ಎದ್ದವಳೇ ಅವನ ನಂಬರಿನ ಬ್ಲಾಕ್ ತೆಗೆದಳು. ಏನೇನೋ ಬರೆದಳು, ಅಳಿಸಿದಳು. ಕೊನೆಗೆ ಕಳಿಸಿದ್ದು ಇಷ್ಟು: "ಫೋನು ಅಮ್ಮನ ಕೈಲಿತ್ತು. ಇವತ್ತು ವಾಪಸ್ ಬರ್ತಿದ್ದೀನಿ."

ಬಸ್ಸಿನಿಂದ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ತಕರಾರು ಕುಳಿತಿದ್ದ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ನೀವಿಲ್ಲಿ...? ಯಾವ ಬಸ್ಸು ಅಂತ ನಾನು ಹೇಳಿರಲಿಲ್ವಲ್ಲ!"

"ಹ್ಞೂಂ. ಅದಕ್ಕೇ ಬೆಳಗ್ಗೆ ಎಂಟಕ್ಕೇ ಬಂದೆ."

ಇಷ್ಟು ವರ್ಷಗಳಲ್ಲಿ ಈ ನಿಲ್ದಾಣದಲ್ಲಿ ಅವಳಿಗಾಗಿ ಯಾರೂ ಕಾದಿರಲಿಲ್ಲ.

"ನಾನು..." ಅವನು ಶುರುಮಾಡಿ ನಿಲ್ಲಿಸಿದ. ಕೋಟಿಲ್ಲದ ಎದೆಯ ಮೇಲೆ ಇಲ್ಲದ ಗುಂಡಿ ಹುಡುಕಿದ. "ನಾನು ಇದನ್ನ ಆ ಕುರ್ಚಿಗಳ ಮುಂದೆ ಹತ್ತು ಸಲ ಹೇಳಿ ನೋಡಿದ್ದೆ. ಈಗ ಒಂದೂ ನೆನಪಿಗೆ ಬರ್ತಿಲ್ಲ."

"ನೆನಪಿದ್ದಷ್ಟು ಹೇಳಿ."

"ನೀವಂದ್ರೆ ನಂಗೆ ಇಷ್ಟ. ಅವತ್ತು ಕರುಣೆಯಿಂದ ನಿಲ್ಲಿಸಿದೆ ಅಂದ್ಕೊಂಡಿದ್ದೆ. ಆದ್ರೆ ಎರಡು ವಾರ ಆದ್ರೂ ನಿಮ್ಮ ಮುಖ ಕಣ್ಣಿಂದ ಹೋಗಲಿಲ್ಲ. ನೀವು ಒಬ್ಬರೇ ಎಲ್ಲೋ ಕೂತಿದ್ದೀರ ಅನ್ನಿಸ್ತಿತ್ತು. ಪಕ್ಕದಲ್ಲಿ ನಾನೂ ಕೂತಿರಬೇಕು ಅನ್ನಿಸ್ತಿತ್ತು. ಅಷ್ಟೇ... ಉತ್ತರ ಈಗಲೇ ಕೊಡಬೇಕಂತಿಲ್ಲ."

ಅವಳು ಬ್ಯಾಗನ್ನು ಬೆಂಚಿನ ಮೇಲಿಟ್ಟು ಅವನ ಪಕ್ಕದಲ್ಲಿ ಕುಳಿತಳು. ಬಸ್ಸೊಂದು ಹೊಗೆಯುಗುಳಿ ಹೊರಟಿತು. ಇಬ್ಬರೂ ಕೆಮ್ಮಿದರು, ನಕ್ಕರು.

"ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದಳು.

"ಇಲ್ಲ. ಎದ್ದು ಹೋದ್ರೆ ಬಸ್ಸು ಬಂದುಬಿಟ್ರೆ ಅಂತ..."

"ಹುಚ್ಚು ನಿಮಗೆ! ಏಳಿ, ಎದುರಿಗೇ ಹೋಟೆಲ್ ಇದೆ." ಏಳಲು ಹೋದವಳು ತಡೆದಳು. "ಆದ್ರೆ ನಾನು ತುಂಬ ನಿಧಾನ ತಿಂತೀನಿ. ಒಬ್ಬಳೇ ಕೂತು ತಿಂದು ತಿಂದು ಹಾಗಾಗಿದೆ. ಜೊತೆಗಿದ್ದೋರಿಗೆ ಬೇಜಾರಾಗುತ್ತೆ."

"ನಂಗೇನು ಅವಸರ? ನೀನು ಎಷ್ಟು ಹೊತ್ತಾದ್ರೂ..." ಬಾಯಿತಪ್ಪಿ ಬಂದದ್ದು ತಿಳಿದು ಅವನು ನಾಲಿಗೆ ಕಚ್ಚಿಕೊಂಡ. "ಅಲ್ಲ, ನೀವು..."

ಅವಳು ಬ್ಯಾಗಿನ ಒಂದು ಹಿಡಿಯನ್ನು ಅವನತ್ತ ಚಾಚಿದಳು.

"ನೀನು ಅಂತಲೇ ಇರಲಿ. ಬಾ, ಊಟ ಮಾಡೋಣ."